ಅಳೆದಿಟ್ಟ ನೀರು

ಒಂದು ಬಾಟಲಿ ಕಡಿಮೆ ಬಿದ್ದಿತ್ತು. ಮೂವತ್ತೆರಡು ರಟ್ಟಿನ ಡಬ್ಬಿಗಳಲ್ಲಿ ಮೂವತ್ತೊಂದಕ್ಕೆ ಟೇಪು ಸುತ್ತಿ ಲ್ಯಾಬಿನ ಕಲ್ಲುಮೇಜಿನ ಮೇಲೆ ಜೋಡಿಸಿಯಾಗಿತ್ತು. ಕೊನೆಯ ಡಬ್ಬಿಯಲ್ಲಿ ಆಸಿಡ್ ಬಾಟಲಿ, ಬಣ್ಣ ತೋರಿಸುವ ದ್ರಾವಣದ ಪುಟ್ಟ ಬಾಟಲಿ, ಎರಡು ಸಿರಿಂಜು, ಒಂದು ಪ್ಲಾಸ್ಟಿಕ್ ಕನ್ನಡಕ ಎಲ್ಲ ಇದ್ದವು. ಕಾಸ್ಟಿಕ್ ಸೋಡಾದ ಬಾಟಲಿ ಮಾತ್ರ ಇರಲಿಲ್ಲ. ಮೊದಲಿನ ಕೆಲವನ್ನು ಕುತ್ತಿಗೆವರೆಗೆ ತುಂಬಿಸಿದ್ದೆನೇನೋ, ಮಾಡಿಟ್ಟ ದ್ರಾವಣ ಖಾಲಿಯಾಗಿತ್ತು.

ಅದು ಕೊರೊನಾದ ಎರಡನೇ ವರ್ಷ. ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಲ್ಯಾಬಿನ ಅಟೆಂಡರ್. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಅದೇ ವಿಭಾಗದಲ್ಲಿ ನನ್ನ ಒಡಹುಟ್ಟಿದ ತಮ್ಮ ಅತಿಥಿ ಉಪನ್ಯಾಸಕ. ಮನೆಯಲ್ಲಿ ಅವನು ನನ್ನನ್ನು ಅಕ್ಕ ಎನ್ನುತ್ತಿದ್ದ. ಲ್ಯಾಬಿನಲ್ಲಿ ಹುಡುಗರ ಎದುರು ನಾನು ಅವನನ್ನು ಸರ್ ಎನ್ನುತ್ತಿದ್ದೆ. ಅವನ ಸಂಸಾರ ಭದ್ರಾವತಿಯ ನ್ಯೂ ಟೌನಿನಲ್ಲಿ. ಬಸ್ಸು ನಿಂತ ಮೇಲೆ ಅವನು ಅಲ್ಲಿಂದಲೇ ಪಾಠ ಮಾಡತೊಡಗಿದ. ನನ್ನ ಮನೆ ಕೋಟೆಯ ಹತ್ತಿರ. ಕಾಲೇಜು ಕೊಟ್ಟಿದ್ದ ಪತ್ರವನ್ನು ಪೊಲೀಸರಿಗೆ ತೋರಿಸಿ ದಿನವೂ ನಡೆದು ಬರುತ್ತಿದ್ದೆ.

ಮೊದಮೊದಲು ನಾವು ಮಾಡಿದ್ದು ಬರೀ ತೋರಿಸುವ ಕೆಲಸ. ಹನಿ ಅಳೆದು ಬಿಡುವ ಉದ್ದನೆಯ ಗಾಜಿನ ನಳಿಕೆ, ಬ್ಯುರೆಟ್, ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡಿಗೆ ನನ್ನ ಮೊಬೈಲನ್ನು ರಬ್ಬರ್ ಟ್ಯೂಬಿನಿಂದ ಕಟ್ಟುತ್ತಿದ್ದೆ. ಫ್ಲಾಸ್ಕಿನ ಕೆಳಗೆ ಬಿಳಿ ಹಾಳೆ, ಎಡಗಡೆ ಕಿಟಕಿ. ತಮ್ಮ ಭದ್ರಾವತಿಯಲ್ಲಿ ಕೂತು ವಿವರಿಸುತ್ತಿದ್ದ, ನಾನು ಅವನ ಕೈಯಾಗಿರುತ್ತಿದ್ದೆ. ಅವನು “ಈಗ ನಿಲ್ಲಿಸಿ” ಅಂದದ್ದು ನನಗೆ ಕೇಳುವಷ್ಟರಲ್ಲಿ ನಾಲ್ಕು ಹನಿ ಹೆಚ್ಚು ಬಿದ್ದಿರುತ್ತಿತ್ತು. ಹಾಗಾಗಿ ಅವನ ಮಾತಿಗೆ ಕಾಯದೆ ನಾನೇ ಬಣ್ಣ ನೋಡಿ ನಿಲ್ಲಿಸುವುದು ರೂಢಿಯಾಯಿತು.

“ಸರ್, ಅಕ್ಕನ ಬಳೆ ಮಾತ್ರ ಕಾಣ್ತಿದೆ, ಬಣ್ಣ ಕಾಣ್ತಿಲ್ಲ” ಎಂದು ಒಬ್ಬ ಹೇಳಿದರೆ ಉಳಿದವರು ನಗುತ್ತಿದ್ದರು. ಮಾರನೇ ದಿನದಿಂದ ನಾನು ಬಳೆ ತೆಗೆದಿಟ್ಟು ನಿಲ್ಲುತ್ತಿದ್ದೆ.

ಹೀಗೆ ಆರು ವಾರ ಕಳೆದಾಗ ತಮ್ಮನಿಗೆ ಸಾಕಾಯಿತು. “ಇವರು ನೋಡ್ತಾ ಇದ್ದಾರೆ ಅಷ್ಟೇ ಅಕ್ಕ. ಈ ಆರು ವಾರದಲ್ಲಿ ಒಬ್ಬರ ಕೈಯೂ ಒಂದು ಹನಿ ಹಾಕಿಲ್ಲ. ಇದಕ್ಕೆ ಲ್ಯಾಬ್ ಅಂತಾರಾ?” ಎಂದ. ಪ್ರತಿ ವಿದ್ಯಾರ್ಥಿಯ ಮನೆಗೆ ಒಂದು ಡಬ್ಬಿ ಕಳಿಸುವ ಯೋಚನೆ ಅವನದು. ಬ್ಯುರೆಟ್ ಬದಲು ಸೂಜಿಯಿಲ್ಲದ ಸಿರಿಂಜು, ಫ್ಲಾಸ್ಕ್ ಬದಲು ಮನೆಯ ಗಾಜಿನ ಲೋಟ. ದ್ರಾವಣಗಳು ಆದಷ್ಟು ತೆಳ್ಳಗಿರಬೇಕು. ಪ್ರಾಂಶುಪಾಲರು ಹಿಂಜರಿದರು. “ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರ ತಲೆಗ್ರೀ ಬರೋದು?” ಎಂದು ಕೇಳಿದರು. ಆಗ ಫೋನಿನಲ್ಲಿ ತಮ್ಮ ಹೇಳಿದ ಮಾತು ನನ್ನ ಎದುರಿಗೇ ಸ್ಪೀಕರಿನಲ್ಲಿ ಕೇಳಿಸಿತು: “ಸರ್, ದ್ರಾವಣ ಮಾಡೋರು ನಮ್ಮಕ್ಕ. ಅವರ ಅಳತೆ ತಪ್ಪಿದ್ದನ್ನ ನಾನು ನೋಡಿಲ್ಲ.”

ಆ ಮಾತಿನಿಂದ ನಾನು ಎಷ್ಟು ಹಿಗ್ಗಿದ್ದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ಮುಂದೆ ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಹೆದರಿಕೆಗಿಂತ ಆ ಹಿಗ್ಗೇ ಹೆಚ್ಚು ಕಾರಣ.

ಕಾಸ್ಟಿಕ್ ಸೋಡಾವನ್ನು ಲ್ಯಾಬಿನಲ್ಲಿ ಮೊದಲು ಗಟ್ಟಿ ದ್ರಾವಣವಾಗಿ ಮಾಡಿಡುತ್ತೇವೆ. ಅದು ಸ್ಟಾಕ್. ಅದರ ಒಂದು ಪಾಲಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿದರೆ ಹುಡುಗರು ಬಳಸುವ ದ್ರಾವಣ. ಎರಡೂ ನೋಡಲು ನೀರಿನಂತೆಯೇ ಇರುತ್ತವೆ.

ಕೊನೆಯ ಬಾಟಲಿ ಕಡಿಮೆ ಬಿದ್ದ ಆ ಶನಿವಾರ, ಕ್ಲಾಸಿನಲ್ಲಿ ತೋರಿಸುವುದಕ್ಕೂ ಆಗಲೆಂದು ಹೊಸದಾಗಿ ಒಂದು ಲೀಟರ್ ಮಾಡಲು ಹೊರಟೆ. ಬೀಕರಿನಲ್ಲಿ ಒಂಬೈನೂರು ಎಂ.ಎಲ್. ನೀರು ಅಳೆದಿಟ್ಟೆ. ಅಳತೆ ಜಾಡಿಯಲ್ಲಿ ನೂರು ಎಂ.ಎಲ್. ಸ್ಟಾಕ್ ಅಳೆದೆ. ಅಷ್ಟರಲ್ಲಿ ಕೆಳಗಿನಿಂದ ಜೀಪಿನ ಹಾರನ್ನು. ಡ್ರೈವರ್ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ:

“ಅಕ್ಕೋ, ಭದ್ರಾವತಿ ಡಬ್ಬಿ ರೆಡಿ ಆಯ್ತಾ? ಹತ್ತು ಗಂಟೆ ಮೇಲೆ ರೋಡಲ್ಲಿ ಬಿಡಲ್ಲ, ಲಾಠಿ ಏಟು ನಂಗೆ ಬೀಳೋದು!”

“ಬಂದೆ ಮಾರಾಯ, ಒಂದೇ ಬಾಟ್ಲಿ!” ಎಂದೆ.

ಬಾಟಲಿಗೆ ಹಿಡಿಸುವುದು ಸರಿಯಾಗಿ ನೂರು ಎಂ.ಎಲ್. ಜಾಡಿಯಲ್ಲಿದ್ದದ್ದೂ ಸರಿಯಾಗಿ ನೂರು. ಬೆಳಗಿನಿಂದ ಕೈ ಅದೇ ಕೆಲಸವನ್ನು ಮೂವತ್ತೊಂದು ಸಲ ಮಾಡಿತ್ತು. ಜಾಡಿಯಿಂದ ಬಾಟಲಿಗೆ ಸುರಿದೆ, ಮುಚ್ಚಳ ತಿರುಗಿಸಿದೆ, ಚೀಟಿ ಅಂಟಿಸಿದೆ, ಓಡಿದೆ.

ಸೋಮವಾರ ಬೀಗ ತೆಗೆದಾಗ ಮೇಜಿನ ಮೇಲೆ ಆ ಬೀಕರು ಇತ್ತು. ಅಳೆದಿಟ್ಟ ನೀರು ಅಳೆದಿಟ್ಟಂತೆಯೇ ಇತ್ತು. ಪಕ್ಕದಲ್ಲಿ ಖಾಲಿ ಜಾಡಿ. ನೀರು ಬೆರೆಸದ ಸ್ಟಾಕನ್ನೇ ಬಾಟಲಿಗೆ ಸುರಿದಿದ್ದೆ ಎಂದು ಅರ್ಥವಾಗಲು ಒಂದು ಗಳಿಗೆ ಸಾಕಾಯಿತು. ಯಾರ ಡಬ್ಬಿ ಎಂದು ಹುಡುಕುವ ಕೆಲಸವೂ ಇರಲಿಲ್ಲ. ಕೊನೆಯ ಹೆಸರು ಭದ್ರಾವತಿಯ ಒಬ್ಬ ಹುಡುಗಿಯದು. ಅಪ್ಪ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ, ಮನೆಮಾತು ತಮಿಳು. ಕಾಲೇಜು ಮುಚ್ಚುವ ಮೊದಲು ಲ್ಯಾಬಿನಲ್ಲಿ ಎಲ್ಲರೂ ಹೋದ ಮೇಲೂ ತನ್ನ ಲೋಟ, ನಳಿಕೆಗಳನ್ನು ಎರಡು ಸಲ ತೊಳೆದಿಟ್ಟು ಹೋಗುತ್ತಿದ್ದವಳು.

ಕ್ಲಾಸು ಇದ್ದದ್ದು ಬುಧವಾರ. ಎರಡು ದಿನ ಸಮಯವಿತ್ತು. ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ನಾನು ಮಾಡಲಿಲ್ಲ. ಆಗ ನನಗೆ ನಾನೇ ಹೇಳಿಕೊಂಡದ್ದು ಇದು: ಯಾರೂ ನಿಜವಾಗಿ ಮಾಡುವುದಿಲ್ಲ. ಲ್ಯಾಬಿನಲ್ಲಿ ಇಷ್ಟು ವರ್ಷ ನಾನು ಕಂಡದ್ದೇ ಅದು. ಸೀನಿಯರುಗಳ ರೆಕಾರ್ಡ್ ಪುಸ್ತಕ ಕೈಯಿಂದ ಕೈಗೆ ಬರುತ್ತದೆ, ಅದರಲ್ಲಿ ರೀಡಿಂಗ್ ಇರುತ್ತದೆ. ಬಣ್ಣ ಎಲ್ಲಿಗೆ ಬಂದರೂ ಹುಡುಗರು ಬರೆಯುವುದು ಆ ರೀಡಿಂಗನ್ನೇ. ಪರೀಕ್ಷೆಯ ದಿನ ಎಷ್ಟು ಬರಬೇಕೆಂದು ನಮ್ಮಂಥ ಅಟೆಂಡರುಗಳೇ ಕಣ್ಣಲ್ಲಿ, ಬೆರಳಲ್ಲಿ ತೋರಿಸಿಕೊಟ್ಟದ್ದೂ ಉಂಟು. ಈ ಹುಡುಗಿಯೂ ಹಾಗೇ ಬರೆದು ಮುಗಿಸುತ್ತಾಳೆ ಎಂದುಕೊಂಡೆ. ನೀರನ್ನು ಸಿಂಕಿಗೆ ಚೆಲ್ಲಿ ಬೀಕರು ತೊಳೆದಿಟ್ಟೆ.

ಬುಧವಾರ ಎಂದಿನಂತೆ ಮೊಬೈಲ್ ಕಟ್ಟಿ ನಿಂತೆ. ಐದು ಎಂ.ಎಲ್. ಕಾಸ್ಟಿಕ್ ಲೋಟಕ್ಕೆ, ಎರಡು ಹನಿ ಬಣ್ಣದ ದ್ರಾವಣ, ಲೋಟ ಗುಲಾಬಿಯಾಗುತ್ತದೆ. ಇನ್ನೊಂದು ಸಿರಿಂಜಿನಿಂದ ಹನಿಹನಿಯಾಗಿ ಆಸಿಡ್. ಐದರ ಆಸುಪಾಸಿನಲ್ಲಿ ಗುಲಾಬಿ ಬಣ್ಣ ಹೋಗಬೇಕು. ಇದೇ ಟೈಟ್ರೇಶನ್. ನಾನು ಮಾಡಿ ತೋರಿಸಿದೆ. ಆಮೇಲೆ ಹುಡುಗರ ಸರದಿ.

“ಬಂತು ಸರ್, ಐದು ಪಾಯಿಂಟ್ ಒಂದು.”

“ನಂದೂ ಐದು ಪಾಯಿಂಟ್ ಒಂದು ಸರ್.”

“ಎಲ್ಲರಿಗೂ ಐದು ಪಾಯಿಂಟ್ ಒಂದೇ ಬರ್ತಿದ್ಯಲ್ಲೋ ಮಾರಾಯ” ಎಂದ ತಮ್ಮ. “ಹೋದ ವರ್ಷದ ರೆಕಾರ್ಡ್ ತೊಡೆ ಮೇಲೆ ಇಟ್ಕೊಂಡಿದ್ದೀರಾ ಹೆಂಗೆ?”

ಆ ನಗುವಿನ ನಡುವೆ ಹುಡುಗಿಯ ದನಿ ಕೇಳಿಸಿತು. “ಸರ್, ನಂಗೆ ಹತ್ತು ಎಂ.ಎಲ್. ಪೂರ್ತಿ ಹೋಯ್ತು. ಪಿಂಕ್ ಹೋಗ್ತಾನೇ ಇಲ್ಲ.”

“ಇನ್ನೊಂದ್ಸಲ ತುಂಬಿಸಿ ಹಾಕು.”

“ಮೂವತ್ತಾಯ್ತು ಸರ್. ಇನ್ನೂ ಇದೆ.”

“ಅವಳು ಆಸಿಡ್ ಬದಲು ಬಾವಿ ನೀರು ಹಾಕ್ತಿದ್ದಾಳೆ ಸರ್” ಎಂದ ಒಬ್ಬ.

“ನೀನು ಸುಮ್ನಿರು. ನೋಡಮ್ಮ, ಸಿರಿಂಜ್ ಅದಲುಬದಲು ಮಾಡಿರ್ತೀಯ. ಎಲ್ಲ ತೊಳ್ದು ಮೊದಲಿಂದ ಮಾಡು.”

ಅವಳು ತೊಳೆದು ಮೊದಲಿನಿಂದ ಮಾಡಿದಳು. ಈ ಸಲ ಆಸಿಡ್ ಹತ್ತು ದಾಟುತ್ತಲೇ ತಮ್ಮ ನಿಲ್ಲಿಸಲು ಹೇಳಿದ. ಲೋಟ ಹಾಗೇ ಗುಲಾಬಿಯಾಗಿತ್ತು. ನಾನು ನಿಂತಿದ್ದ ಲ್ಯಾಬಿನಲ್ಲಿ ನನ್ನ ಮೈಕು ಮುಚ್ಚಿತ್ತು. ಪರದೆಯ ಮೂಲೆಯಲ್ಲಿ ಅದರ ಕೆಂಪು ಗುರುತು ಕಾಣುತ್ತಿತ್ತು. ಒಂದು ಬೆರಳು ಮುಟ್ಟಿಸಿ, “ಸರ್, ಆ ಬಾಟಲಿ ಬೇಡ” ಎಂದರೆ ಸಾಕಿತ್ತು. ಮೂವತ್ತೊಂದು ಮಂದಿ ಹುಡುಗರು ಕೇಳುತ್ತಿದ್ದರು. ತಮ್ಮ ಕೇಳುತ್ತಿದ್ದ. ಈಗ ಹೇಳಿದರೆ, ಸೋಮವಾರ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ನನ್ನ ಬೆರಳು ಏಳಲಿಲ್ಲ.

“ಸರ್, ನಾನು ಸರಿಯಾಗೇ ಮಾಡ್ತಿದ್ದೀನಿ” ಎಂದಳು ಹುಡುಗಿ. ಅಳು ಬರುವಂತಿತ್ತು.

“ಸರಿಯಾಗಿ ಮಾಡಿದ್ರೆ ಬರ್ಬೇಕಲ್ಲಮ್ಮಾ. ಇನ್ನೊಂದೇ ಸಲ. ನಾನು ನೋಡ್ತಿರ್ತೀನಿ, ಕಾಸ್ಟಿಕ್ ಎಳ್ಕೊಳ್ಳೋದ್ರಿಂದ ತೋರ್ಸು.”

ಗಟ್ಟಿ ಕಾಸ್ಟಿಕ್ ತಗಲಿದ ಸಿರಿಂಜಿನ ರಬ್ಬರ್ ಅಂಟಿಕೊಳ್ಳುತ್ತದೆ. ಮೂರನೇ ಸಲಕ್ಕೆ ಅವಳ ಸಿರಿಂಜು ಬಿಗಿಯಾಗಿತ್ತು. ಗೆರೆ ಸರಿಯಾಗಿ ಕಾಣಲೆಂದು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ ಸಿರಿಂಜನ್ನು ಬಾಟಲಿ ಸಮೇತ ಕಣ್ಣಿನ ಮಟ್ಟಕ್ಕೆ ಹಿಡಿದಳು. “ಕನ್ನಡಕ” ಎಂದು ತಮ್ಮ ಬಾಯಿ ತೆರೆದ. ಅವಳು ಜೋರಾಗಿ ಎಳೆದಳು. ಸಿರಿಂಜಿನ ಹಿಡಿ ಪೂರ್ತಿ ಕಿತ್ತು ಬಂದು ಒಳಗಿದ್ದದ್ದು ಮುಖಕ್ಕೆ ಸಿಡಿಯಿತು.

ಆಮೇಲೆ ಕಂಡದ್ದು ಖಾಲಿ ಕುರ್ಚಿ, ಮೇಜಿನ ಮೇಲೆ ಲೋಟ. ಒಳಗಿನಿಂದ ತಾಯಿಯ ಕೂಗು, ಚೊಂಬು ಉರುಳಿದ ಸದ್ದು.

ತಮ್ಮ ಜೋರಾಗಿ ಹೇಳುತ್ತಿದ್ದ: “ಅಮ್ಮಾ, ಗಾಬರಿ ಆಗ್ಬೇಡಿ. ತುಂಬಾ ಡೈಲ್ಯೂಟ್ ಇದೆ ಅದು. ಐದು ನಿಮಿಷ ನೀರು ಹಾಕಿ ತೊಳೀರಿ, ಉರಿ ಕಡಿಮೆ ಆಗುತ್ತೆ.”

ನಾನು ನಿಂತಿದ್ದ ಗೋಡೆಯ ಮೇಲೆಯೇ ಹಲಗೆ ಇತ್ತು: ಕಣ್ಣಿಗೆ ಗಟ್ಟಿ ಕ್ಷಾರ ಬಿದ್ದರೆ ಅರ್ಧ ಗಂಟೆ ಬಿಡದೆ ತೊಳೆಯಬೇಕು, ತೊಳೆಯುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ಪ್ರತಿ ವರ್ಷ ಅದರ ಧೂಳು ಒರೆಸುವವಳು ನಾನು. ಆಗಲೂ ನಾನು ಮಾತಾಡಲಿಲ್ಲ.

ಸರ್ ಹೇಳಿದ್ದಾರಲ್ಲ ಎಂದು ಮನೆಯವರು ಐದು ನಿಮಿಷ ತೊಳೆದು ಸುಮ್ಮನಾದರು. ಆಸ್ಪತ್ರೆಗಳೆಂದರೆ ಎಲ್ಲರಿಗೂ ಹೆದರಿಕೆಯಿದ್ದ ಕಾಲ. ಮಾರನೇ ಬೆಳಿಗ್ಗೆ ಬಲಗಣ್ಣು ತೆರೆಯಲಾಗದೆ ಹೋದಾಗ ಕರೆದುಕೊಂಡು ಹೋದರು. ದ್ರಾವಣ ಎಷ್ಟು ಗಟ್ಟಿಯಿತ್ತು ಎಂದು ವೈದ್ಯರು ಫೋನಿನಲ್ಲಿ ಕೇಳಿದಾಗ ತಮ್ಮ ತನಗೆ ಗೊತ್ತಿದ್ದುದನ್ನೇ ಹೇಳಿದ. ಅಷ್ಟು ತೆಳ್ಳಗಿದ್ದರೆ ಇಷ್ಟು ಸುಡಬಾರದಲ್ಲ ಎಂದರಂತೆ ಅವರು.

ಇದಕ್ಕಿಂತ ಕೆಟ್ಟ ಕೆಲಸವನ್ನು ನಾನು ಮಾಡಿದ್ದು ಮುಂದಿನ ವಾರ. ಪ್ರಾಂಶುಪಾಲರು ಜೀಪು ಕಳಿಸಿ ಆ ಡಬ್ಬಿಯನ್ನು ತರಿಸಿದರು. ತಮ್ಮ ಫೋನು ಮಾಡಿದ.

“ಅಕ್ಕ, ಬಾಟ್ಲಿ ಮುಚ್ಚಳ ತೆಗೀಬೇಡ. ನಾಳೆ ಪ್ರಿನ್ಸಿಪಾಲರ ಎದುರಿಗೇ ಟೈಟ್ರೇಶನ್ ಮಾಡು, ನಾನು ವಿಡಿಯೋದಲ್ಲಿ ಇರ್ತೀನಿ.” ಆಮೇಲೆ ಕೇಳಿದ, “ಬಾಟ್ಲಿ ಸರಿಯಾಗೇ ಇತ್ತಲ್ವಾ?”

“ಸರಿಯಾಗೇ ಇತ್ತು” ಎಂದೆ.

“ಅದು ನಂಗೆ ಗೊತ್ತು. ಆದ್ರೂ ಕೇಳ್ದೆ, ಬೇಜಾರು ಮಾಡ್ಕೋಬೇಡ.”

ಬಾಟಲಿಯಲ್ಲಿ ಮುಕ್ಕಾಲಿಗೂ ಹೆಚ್ಚು ಉಳಿದಿತ್ತು. ಅದನ್ನು ಸಿಂಕಿಗೆ ಸುರಿದು, ಮೂರು ಸಲ ತೊಳೆದು, ಸರಿಯಾದ ದ್ರಾವಣವನ್ನು ಅದೇ ಮಟ್ಟಕ್ಕೆ ತುಂಬಿಸಿದೆ. ಮಟ್ಟ ತಪ್ಪಬಾರದೆಂದು ಮೊದಲೇ ಹೊರಗಿನಿಂದ ಪೆನ್ಸಿಲ್ಲಿನ ಗೆರೆ ಎಳೆದುಕೊಂಡಿದ್ದೆ, ಆಮೇಲೆ ಅಳಿಸಿದೆ. ಮಾರನೇ ದಿನ ಪ್ರಾಂಶುಪಾಲರು ನೋಡುತ್ತಿದ್ದಂತೆ ಐದು ಪಾಯಿಂಟ್ ಒಂದಕ್ಕೆ ಬಣ್ಣ ಹೋಯಿತು. ವಿದ್ಯಾರ್ಥಿನಿಯು ಸೂಚನೆ ಮೀರಿ ಕನ್ನಡಕ ತೆಗೆದದ್ದರಿಂದಲೂ ಅಜಾಗರೂಕತೆಯಿಂದಲೂ ಹೀಗಾಯಿತೆಂದು ವರದಿ ಬರೆದರು. ಅಳತೆ ಮಾಡಿ ತೋರಿಸಿದವಳು ಎಂದು ಅದರ ಕೆಳಗೆ ನನ್ನ ಸಹಿಯೂ ಇದೆ.

ಕಾಲೇಜು ಮತ್ತೆ ತೆರೆದಾಗ ಹುಡುಗಿ ಬಂದಳು. ಬಲಗಣ್ಣಿನಲ್ಲಿ ಬೆಳಕು ಕತ್ತಲು ಗೊತ್ತಾಗುತ್ತಿತ್ತು, ಎದುರಿಗಿದ್ದವರ ಮುಖ ಗೊತ್ತಾಗುತ್ತಿರಲಿಲ್ಲ. ಲ್ಯಾಬಿನಲ್ಲಿ ತಮ್ಮ ಒಬ್ಬನೇ ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು. “ಸರ್, ನಾನೆಲ್ಲಿ ತಪ್ಪಿದೆ?” ಅವನು ಕಾಗದದ ಮೇಲೆ ಬರೆದು ಬರೆದು ವಿವರಿಸುತ್ತಿದ್ದ: ಸಿರಿಂಜು ಬದಲಾಗಿರಬಹುದು, ಆಸಿಡ್ ಬಾಟಲಿಗೆ ನೀರು ಸೇರಿರಬಹುದು. ಪ್ರತಿಯೊಂದಕ್ಕೂ ಅವಳು “ಇಲ್ಲ ಸರ್” ಎನ್ನುತ್ತಿದ್ದಳು. ಕಡೆಕಡೆಗೆ “ಇರ್ಬೋದು ಸರ್” ಎನ್ನತೊಡಗಿದಳು. ನಾನು ಆಚೆ ಮೇಜಿನ ಬಳಿ ನಿಂತು ಒಣಗಿದ ನಳಿಕೆಗಳನ್ನು ಮತ್ತೆ ಮತ್ತೆ ಒರೆಸುತ್ತಿದ್ದೆ.

ಒಂದು ಮಧ್ಯಾಹ್ನ ಅವಳು ನೇರ ನನ್ನ ಹತ್ತಿರ ಬಂದಳು. ಕೈಯಲ್ಲಿ ಒಂದು ಫಾರಂ. ಕಾಲೇಜು ಬಿಡುವವರು ಲ್ಯಾಬಿನ ಸಾಮಾನು ಯಾವುದನ್ನೂ ಉಳಿಸಿಕೊಂಡಿಲ್ಲವೆಂದು ಅಟೆಂಡರ್ ಸಹಿ ಹಾಕಬೇಕು.

“ಬಿಡ್ತಿದ್ದೀಯಾ?” ಎಂದೆ.

“ಆರ್ಟ್ಸ್ ತಗೊಳ್ತೀನಿ ಅಕ್ಕ, ಅಲ್ಲೇ ಭದ್ರಾವತಿ ಕಾಲೇಜಲ್ಲಿ. ಕೆಮಿಸ್ಟ್ರಿ ನನ್ನ ಕೈಗೆ ಬರಲ್ಲ. ಮೂರು ಸಲ ಮಾಡಿದ್ರೂ ಬರ್ಲಿಲ್ಲ ನೋಡಿ.” ಆಮೇಲೆ ಬ್ಯಾಗು ತೆರೆದು ಒಂದು ಪೊಟ್ಟಣ ಕೊಟ್ಟಳು. “ಡಬ್ಬಿ ಜೊತೆ ಒಂದು ಸಿರಿಂಜ್ ವಾಪಸ್ ಬರ್ಲಿಲ್ಲ ಅಂತ ಲಿಸ್ಟಲ್ಲಿ ಇರುತ್ತಲ್ಲ ಅಕ್ಕ. ಅದು ಮುರಿದುಹೋಗಿತ್ತು. ಹೊಸದು ತಂದಿದ್ದೀನಿ. ಸಾರಿ.”

ನಾನು ಆ ಫಾರಂಗೆ ಸಹಿ ಹಾಕಲಿಲ್ಲ. ನಾಡಿದ್ದು ಬಾ ಎಂದೆ. ಅವಳು ಮೆಟ್ಟಿಲಿಳಿಯುವುದನ್ನು ನೋಡಿದೆ. ಬಲಗೈಯಲ್ಲಿ ಗೋಡೆ ಹಿಡಿದು ಇಳಿಯುತ್ತಿದ್ದಳು. ತಮ್ಮ ಸ್ಟಾಫ್ ರೂಮಿನಲ್ಲಿದ್ದ. ಹೋಗಿ ಬಾಗಿಲು ಹಾಕಿ, ನಿಂತುಕೊಂಡೇ ಎಲ್ಲ ಹೇಳಿದೆ. ಬೀಕರು, ಜಾಡಿ, ಸೋಮವಾರ, ಸಿಂಕು, ಪೆನ್ಸಿಲ್ ಗೆರೆ.

ಅವನು ಬಯ್ಯಲಿಲ್ಲ. ಕೈಲಿದ್ದ ಪೆನ್ನು ಮುಚ್ಚಿಟ್ಟು ಕೇಳಿದ.

“ಆವತ್ತು ಕ್ಲಾಸಲ್ಲಿ ನೀನು ಲೈನಲ್ಲೇ ಇದ್ದೆ.”

“ಇದ್ದೆ.”

“ಐದು ನಿಮಿಷ ತೊಳೀರಿ ಸಾಕು ಅಂದೆ ನಾನು. ಕೇಳಿಸ್ತಾ ನಿಂಗೆ?”

“ಕೇಳಿಸ್ತು.”

“ನನ್ನ ಬಾಯಲ್ಲಿ ಹೇಳಿಸ್ಬಿಟ್ಟೆಯಲ್ಲ ಅಕ್ಕ.” ಇಷ್ಟು ಹೇಳಿ ಅವನು ಮುಖ ತಿರುಗಿಸಿಕೊಂಡ. ಅವನು ನನ್ನನ್ನು ಅಕ್ಕ ಎಂದು ಕರೆದದ್ದು ಅದೇ ಕೊನೆ. ಈಗಲೂ ಹಬ್ಬಕ್ಕೆ ಬರುತ್ತಾನೆ, ಊಟ ಮಾಡುತ್ತಾನೆ, ಏನನ್ನೂ ಕರೆಯದೆ ಮಾತಾಡುತ್ತಾನೆ.

ಮಾರನೇ ದಿನ ಬೆಳಿಗ್ಗೆ ಪ್ರಾಂಶುಪಾಲರಿಗೆ ಬರೆದುಕೊಟ್ಟೆ. ಅವರು ಎರಡು ಸಲ ಓದಿ, ಇದನ್ನು ಹೊರಗೆ ಹೇಳುವ ಅಗತ್ಯವೇನಿದೆ, ವರದಿ ಮುಗಿದಿದೆಯಲ್ಲ ಎಂದರು. ನಾವು ಹೇಳಲೇಬೇಕು ಸರ್ ಎಂದ ತಮ್ಮ. ನನ್ನ ಕೆಲಸ ಆವತ್ತೇ ಹೋಯಿತು. ಮುಂದಿನ ವರ್ಷ ಅವನನ್ನೂ ಕರೆಯಲಿಲ್ಲ.

ಬರೆದುಕೊಟ್ಟ ದಿನವೇ ಮಧ್ಯಾಹ್ನ ಇಬ್ಬರೂ ಭದ್ರಾವತಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನು ಕಿಟಕಿಯ ಕಡೆ ನೋಡುತ್ತಿದ್ದ. ಹುಡುಗಿಯ ಮನೆ ಸಾಲು ಮನೆಗಳಲ್ಲಿ ಕೊನೆಯದು. ಅಪ್ಪ ಕೆಲಸಕ್ಕೆ ಹೋಗಿದ್ದರು. ತಾಯಿ ಕುರ್ಚಿ ಹಾಕಿ, ಕಾಫಿಗೆ ನೀರಿಟ್ಟರು. ಕಾಫಿ ಬೇಡಮ್ಮ, ಮೊದಲು ಕೇಳಿ ಎಂದೆ.

ಕೇಳುತ್ತಾ ಕೇಳುತ್ತಾ ಅವರು ಗೋಡೆಗೆ ಒರಗಿದರು. “ಅಜಾಗರೂಕತೆ ಅಂತ ಬರೆದ್ರಲ್ಲಮ್ಮ ನನ್ನ ಮಗಳ ಮೇಲೆ” ಎಂದರು. “ಅವರಪ್ಪ ಮೂರು ತಿಂಗಳು ಅವಳ ಹತ್ರ ಮಾತಾಡಿಲ್ಲ. ಯಾಕೆ ಕನ್ನಡಕ ತೆಗ್ದೆ ಅಂತ ನಾನೇ ಹೊಡ್ದಿದ್ದೀನಿ ಅವಳಿಗೆ. ಆ ಕಣ್ಣಿಟ್ಕೊಂಡಿದ್ದವಳಿಗೆ ಹೊಡ್ದಿದ್ದೀನಿ.” ತಮಿಳಿನಲ್ಲಿ ಇನ್ನೂ ಏನೇನೋ ಹೇಳಿದರು. ಒಂದೂ ಅರ್ಥವಾಗಲಿಲ್ಲ, ಎಲ್ಲವೂ ಅರ್ಥವಾಯಿತು.

ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸಿಟ್ಟಾಗುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಎಡಗಣ್ಣು ನನ್ನ ಕಡೆ ಬರುವಂತೆ ಮುಖ ತಿರುಗಿಸಿ ಕೇಳಿದಳು:

“ಹಾಗಾದ್ರೆ ಎಷ್ಟು ಬರ್ಬೇಕಿತ್ತು ಅಕ್ಕ?”

“ಐವತ್ತು” ಎಂದೆ. “ಐವತ್ತೊಂದರ ಹತ್ರ.”

“ನಾನು ಮೂವತ್ತಕ್ಕೆ ನಿಲ್ಲಿಸಿದ್ದೆ. ಸರ್ ತೊಳ್ದು ಮೊದಲಿಂದ ಮಾಡು ಅಂದ್ರು.” ಅವಳು ತಮ್ಮನ ಕಡೆ ತಿರುಗಿದಳು. “ಅಲ್ಲೀವರೆಗೂ ಪಿಂಕ್ ಇದ್ದಿದ್ದು ಸರಿ ಅಲ್ವಾ ಸರ್? ನಾನು ಮಾಡಿದ್ದು ಸರಿಯಾಗಿತ್ತಲ್ವಾ?”

ತಮ್ಮ ಹೌದೆಂದು ತಲೆಯಾಡಿಸಿದ.

ಅವಳು ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಂದು ನನ್ನ ಮುಂದೆ ಇಟ್ಟಳು. “ಬರ್ದುಕೊಡಿ ಅಕ್ಕ. ನಮ್ಮಪ್ಪಂಗೆ ತೋರಿಸ್ಬೇಕು.”

ಬರೆದೆ. ಬಾಟಲಿಯಲ್ಲಿದ್ದದ್ದು ಏನು, ತುಂಬಿಸಿದ್ದು ಯಾರು, ಯಾವತ್ತು ಗೊತ್ತಾಯಿತು, ಆಮೇಲೆ ಏನು ಮಾಡಿದೆ. ಅವಳು ಹಾಳೆಯನ್ನು ಎಡಗಣ್ಣಿನ ಹತ್ತಿರ ಹಿಡಿದು ನಿಧಾನವಾಗಿ ಕೊನೆಯವರೆಗೆ ಓದಿದಳು. ಮತ್ತೆ ನನ್ನ ಮುಂದೆ ಇಟ್ಟು, ಸಹಿಯ ಮೇಲಿದ್ದ ಖಾಲಿ ಜಾಗದಲ್ಲಿ ಬೆರಳಿಟ್ಟಳು.

“ಇಲ್ಲಿ, ಹುಡುಗಿಯ ರೀಡಿಂಗ್ ಸರಿಯಾಗಿತ್ತು ಅಂತ ಬರೀರಿ.”

ಬರೆದೆ. ಅವಳ ತಾಯಿ ಎದ್ದು ಹೋಗಿ ಬಾಗಿಲು ತೆರೆದು ಹಿಡಿದುಕೊಂಡು ನಿಂತರು.